ಅರ್ಥ ನೋಡಿಸಿದವನ ಕಾರು

“ಗುರುಗಳೇ, ದೇವರು ಬಲಗಡೆ ಹೂ ಕೊಟ್ಟರೆ ಹೋಗು ಎಂದರ್ಥ. ಎಡಗಡೆ ಕೊಟ್ಟರೆ ಬೇಡ ಎಂದರ್ಥ. ನಟ್ಟನಡುವೆ ಬಿದ್ದರೆ ಏನರ್ಥ?”

ಕೇಳಿದವನು ತಿಪ್ಪೇಶ. ಆಶ್ರಮದ ಶಿಷ್ಯರಲ್ಲಿ ಅವನೇ ಹೊಸಬ. ಅವನ ಹೆಗಲಲ್ಲಿ ಬಟ್ಟೆಯ ಚೀಲ ನೇತಾಡುತ್ತಿತ್ತು. ಊರಿಗೆ ಹೊರಟವನ ಚೀಲ ಅದು. ಆದರೆ ಅದನ್ನು ಹೊತ್ತವನು ಬೆಳಗಿನಿಂದ ಆಶ್ರಮದ ಬಾಗಿಲಿಗೂ ಪಕ್ಕದ ಆಂಜನೇಯನ ಗುಡಿಗೂ ಓಡಾಡಿದ್ದೇ ಆಗಿತ್ತು.

ಗುರುಗಳು ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ತಲೆಯೆತ್ತಲಿಲ್ಲ. ಯಾವ ವಿಷಯಕ್ಕೆ ಹೂ ಕೇಳಿದೆ ಎಂದು ವಿಚಾರಿಸಿದರು.

ಅಕ್ಕನ ವಿಷಯಕ್ಕೆ ಎಂದ ತಿಪ್ಪೇಶ. ತಾಯಿ ಇಲ್ಲದ ಅವನನ್ನು ಸಾಕಿದವಳು ಅಕ್ಕ. ಅವನು ಆಶ್ರಮಕ್ಕೆ ಹೊರಟ ದಿನ, ಈ ಹೊಸಿಲು ದಾಟಿದರೆ ಮತ್ತೆ ಮುಖ ತೋರಿಸಬೇಡ ಎಂದವಳೂ ಅವಳೇ. ಈಗ ಅವಳು ಆಸ್ಪತ್ರೆಯಲ್ಲಿ ಮಲಗಿದ್ದಾಳೆ, ತಮ್ಮ ಬಂದನೇ ಎಂದು ಬಂದವರನ್ನೆಲ್ಲ ಕೇಳುತ್ತಿದ್ದಾಳೆ ಎಂದು ಊರಿನವರೊಬ್ಬರು ಹೇಳಿ ಹೋಗಿದ್ದರು. ಹೋಗಬೇಕೆಂದು ಜೀವ ಎಳೆಯುತ್ತಿತ್ತು. ಹೋದಾಗ ಅವಳು ಮುಖ ತಿರುಗಿಸಿಬಿಟ್ಟರೆ? ಕೈ ಹಿಡಿದುಕೊಂಡು ಇಲ್ಲೇ ಇದ್ದುಬಿಡು ಎಂದರೆ? ಅವನಿಗೆ ಎರಡೂ ಭಯವೇ. ಅದಕ್ಕೇ ದೇವರನ್ನು ಕೇಳಿದ.

ಮೊದಲು ಹೂವು ಬಲಗಡೆ ಬಿತ್ತು. ಚೀಲ ತುಂಬಿಕೊಂಡ. ಹೊರಡುವಾಗ ಹಲ್ಲಿ ಲೊಚಗುಟ್ಟಿತು. ಅನುಮಾನ ಬಂದು ಮತ್ತೆ ಹೋಗಿ ಕೇಳಿದ. ಎಡಗಡೆ ಬಿತ್ತು. ಚೀಲ ಬಿಚ್ಚಿದ. ಮನಸ್ಸು ತಡೆಯದೆ ಮತ್ತೆ ಚೀಲ ತುಂಬಿಕೊಂಡು ಇನ್ನೊಮ್ಮೆ ಕೇಳಿದರೆ ಹೂವು ದೇವರ ಎದೆಯ ಮೇಲಿನಿಂದ ಜಾರಿ ನೇರವಾಗಿ ಪಾದದ ಮೇಲೆ ಕುಳಿತುಕೊಂಡಿತು. ಪೂಜಾರಿಯೂ ತನಗೆ ತಿಳಿಯದು ಎಂದು ಕೈ ಅಲ್ಲಾಡಿಸಿಬಿಟ್ಟ.

“ನನಗಂತೂ ತಲೆಯೇ ಓಡುತ್ತಿಲ್ಲ. ನೀವಾದರೂ ಅರ್ಥ ಹೇಳಿ,” ಎಂದ ತಿಪ್ಪೇಶ.

ಗುರುಗಳು ಮೊರವನ್ನು ಅವನ ಕಡೆಗೆ ಸ್ವಲ್ಪ ಸರಿಸಿದರು. ಚೀಲ ಕೆಳಗಿಟ್ಟು ಕಾಯಿ ಸುಲಿ ಎಂದರು. ಅವನು ಕುಳಿತ ಮೇಲೆ ಒಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಗವಿರಂಗನೆಂಬ ಬಾಡಿಗೆ ಕಾರಿನವನಿದ್ದ. ಮೊದಲು ಅವನು ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವ ಕೆಲಸದಲ್ಲಿದ್ದವನು. ಸೆರಗು ಹರಡುವುದರಲ್ಲಿ, ಒಪ್ಪುವ ಬಣ್ಣ ಹೇಳುವುದರಲ್ಲಿ ಗಟ್ಟಿಗ. ಆಮೇಲೆ ಕಾರು ಕೊಂಡ. ಓಡಿಸುವುದನ್ನು ಚೆನ್ನಾಗಿಯೇ ಕಲಿತ. ಆದರೆ ಕಾರಿನ ಒಳಗೆ ಏನು ನಡೆಯುತ್ತದೆ ಎಂಬ ಗೊಡವೆಗೆ ಹೋದವನಲ್ಲ. ಕೀಲಿ ತಿರುಗಿಸಿದರೆ ಹೊರಡುತ್ತಿತ್ತು, ಬ್ರೇಕು ಒತ್ತಿದರೆ ನಿಲ್ಲುತ್ತಿತ್ತು. ಅವನಿಗೆ ಅಷ್ಟು ಸಾಕಾಗಿತ್ತು.

ಅವನ ಹೆಂಡತಿ ಪುಷ್ಪಲತಾ ಹೆರಿಗೆಗೆ ತವರಿಗೆ ಹೋಗಿದ್ದಳು. ಹೆಣ್ಣು ಮಗು ಹುಟ್ಟಿತ್ತು. ನೋಡಲು ಹೋದ ದಿನ ಗವಿರಂಗನಿಗೆ ಮಾತೇ ಹೊರಡಲಿಲ್ಲ. ಅಷ್ಟು ಚಿಕ್ಕ ಉಗುರುಗಳನ್ನು ಅವನು ಎಂದೂ ಕಂಡಿರಲಿಲ್ಲ. ಎತ್ತಿಕೊಳ್ಳಲು ಹೆದರಿಕೆಯಾಗಿ ತೊಟ್ಟಿಲ ಪಕ್ಕದಲ್ಲಿ ಸುಮ್ಮನೆ ಕುಳಿತು, ಸುಮ್ಮನೆ ಎದ್ದು ಬಂದಿದ್ದ. ತನಗಾದ ಸಂತೋಷವನ್ನು ಹೆಂಡತಿಗೆ ಬಾಯಿಬಿಟ್ಟು ಹೇಳಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಮುಖ ನೋಡಿದರೆ ಗೊತ್ತಾಗುವುದಿಲ್ಲವೇ ಎಂದುಕೊಂಡ.

ತಾಯಿಯನ್ನೂ ಮಗುವನ್ನೂ ಐದನೆಯ ತಿಂಗಳಲ್ಲಿ ಕರೆತರುವುದೆಂದು ಮಾತಾಗಿತ್ತು. ಬಾಣಂತಿಯನ್ನು ಬೆಸ ತಿಂಗಳಲ್ಲಿ ಮಾತ್ರ ಗಂಡನ ಮನೆಗೆ ಕಳಿಸುವುದು ಆ ಕಡೆಯ ವಾಡಿಕೆ. ಐದು ತಪ್ಪಿದರೆ ಏಳು. ನಡುವಿನ ತಿಂಗಳಲ್ಲಿ ಯಾರೂ ಕಳಿಸುವುದಿಲ್ಲ. ಆಯುಧಪೂಜೆ ಮುಗಿಸಿಕೊಂಡು ನಮ್ಮ ಕಾರಿನಲ್ಲೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಗವಿರಂಗ ಮಾವನ ಮನೆಯವರೆಲ್ಲರ ಮುಂದೆ ಹೇಳಿ ಬಂದಿದ್ದ.

ಮಗಳು ಮೊದಲ ಸಲ ಕೂರುವ ಕಾರು. ಹಾಗಾಗಿ ಆ ವರ್ಷ ಪೂಜೆಗೆ ಬರೀ ತೊಳೆದರೆ ಅವನಿಗೆ ಸಮಾಧಾನವಾಗಲಿಲ್ಲ. ಬಾನೆಟ್ ಎತ್ತಿ ಮೂಲೆ ಮೂಲೆಯನ್ನೂ ಒರೆಸಿದ. ತುಕ್ಕು ಕಂಡಲ್ಲೆಲ್ಲ ತಾನೇ ಕುಳಿತು ಕಪ್ಪು ಬಣ್ಣ ಬಳಿದ. ಬಿಚ್ಚಲು ಬಂದ ಬೋಲ್ಟನ್ನು ಬಿಚ್ಚಿ, ಅದರ ಅಡಿಗೂ ದಪ್ಪಗೆ ಬಳಿದು, ಒಣಗಿಸಿ, ಮತ್ತೆ ಬಿಗಿದ. ಮುಂದೆ ಬಾಳೆಕಂದು ಕಟ್ಟಿದ. ಬೂದುಗುಂಬಳ ಒಡೆದ. ಚಕ್ರಗಳ ಅಡಿಗೆ ನಿಂಬೆಹಣ್ಣು ಇಟ್ಟು ಕಾರು ಹತ್ತಿಸಿದ. ಕಾರು ಮದುಮಗನ ಹಾಗೆ ಹೊಳೆಯಿತು. ಗವಿರಂಗನಿಗೆ ಅದನ್ನು ನೋಡಿ ನೋಡಿ ಸಾಕಾಗಲಿಲ್ಲ.

ಮರುದಿನ ಬಾಡಿಗೆಗೆ ಹೊರಟಾಗ ಡ್ಯಾಶ್‌ಬೋರ್ಡಿನ ದೀಪಗಳು ಮಿಣುಕತೊಡಗಿದವು. ಇಂಡಿಕೇಟರ್ ಹಾಕಿದರೆ ಇಡೀ ಸಾಲು ಅದರ ತಾಳಕ್ಕೆ ಕುಣಿಯಿತು. ಹಾರನ್ ಒತ್ತಿದರೆ ಎಲ್ಲವೂ ಮಂಕಾದವು. ಚಕ್ರ ಗುಂಡಿಗೆ ಇಳಿದರೆ ಒಮ್ಮೆಲೇ ಹೊತ್ತಿಕೊಂಡವು, ಮೇಲೆ ಬಂದರೆ ಆರಿದವು. ಎಣ್ಣೆ ಇಲ್ಲ ಎನ್ನುವ ದೀಪ, ಬ್ಯಾಟರಿ ಸರಿಯಿಲ್ಲ ಎನ್ನುವ ದೀಪ, ಸೀಟು ಬೆಲ್ಟ್ ಹಾಕಿಲ್ಲ ಎನ್ನುವ ದೀಪ. ಇವುಗಳಲ್ಲಿ ಯಾವುದು ನಿಜ ಹೇಳುತ್ತಿದೆ, ಯಾವುದು ಸುಳ್ಳು ಹೇಳುತ್ತಿದೆ ತಿಳಿಯಲಿಲ್ಲ. ಕಾರು ಮಾತ್ರ ಏನೂ ಆಗದಂತೆ ಓಡುತ್ತಿತ್ತು. ಅದರಿಂದಲೇ ಅವನಿಗೆ ಹೆಚ್ಚು ಗಾಬರಿ. ಕೆಟ್ಟು ನಿಂತಿದ್ದರೆ ಕೆಟ್ಟಿದೆ ಎಂದಾದರೂ ಹೇಳಬಹುದಿತ್ತು.

ಗ್ಯಾರೇಜಿಗೆ ಹೋದ. ಅಲ್ಲಿಯವರು ಎಣ್ಣೆಯ ದೀಪ ನೋಡಿ ಎಣ್ಣೆ ಬದಲಾಯಿಸಿದರು. ಒಂದು ದಿನ ದೀಪಗಳು ತಣ್ಣಗಿದ್ದವು. ಮರುದಿನ ಮತ್ತೆ ಮಿಣುಕಿದವು. ಇನ್ನೊಂದು ಗ್ಯಾರೇಜಿನವರು ಬ್ಯಾಟರಿಯ ದೀಪ ನೋಡಿ ಬ್ಯಾಟರಿ ಹೊಸದು ಹಾಕಿದರು. ಊರು ದಾಟುವವರೆಗೆ ಸರಿಯಿತ್ತು. ಮತ್ತೊಬ್ಬರು ಬೆಲ್ಟು ಸಡಿಲವಾಗಿದೆ ಎಂದು ಬಿಗಿದರು. ಇನ್ನೂ ಒಬ್ಬರು ಡ್ಯಾಶ್‌ಬೋರ್ಡನ್ನೇ ಕಿತ್ತು ಹೊಸದು ಕೂರಿಸಬೇಕು ಎಂದರು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳಲಿಲ್ಲ. ಒಬ್ಬೊಬ್ಬರೂ ಒಂದೊಂದು ದೀಪದ ಹಿಂದೆ ಬಿದ್ದರೇ ಹೊರತು, ಎಲ್ಲ ದೀಪಗಳೂ ಒಟ್ಟಿಗೇ ಯಾಕೆ ಮಿಣುಕುತ್ತವೆ ಎಂದು ಯಾರೂ ಕೇಳಲಿಲ್ಲ. ಗವಿರಂಗನಿಗೆ ತಲೆ ಗಿರ್ರೆಂದಿತು.

ಅವನಿಗೆ ಪರಿಚಯದ ವೈರಿಂಗ್ ಕೆಲಸದವನೊಬ್ಬನಿದ್ದ, ಸಾದಿಕ್ ಎಂದು. ಆಗ ತಂಗಿಯ ಮದುವೆಗೆಂದು ದೂರದ ಊರಿಗೆ ಹೋಗಿದ್ದ. ಗವಿರಂಗ ಅವನಿಗೆ ಫೋನು ಮಾಡಿದ. ಹಿಂದೆ ಬ್ಯಾಂಡಿನವರು ಬಾರಿಸುತ್ತಿದ್ದರು. ಸಾದಿಕ್ ಕೂಗಿ ಮಾತಾಡಬೇಕಾಯಿತು.

“ಎಲ್ಲಾ ಲೈಟೂ ಒಟ್ಟಿಗೇ ಮಿಣುಕ್ತಾವಾ? ಹಂಗಾದ್ರೆ ಬೇರೇನಿಲ್ಲ ಅಣ್ಣ. ಅರ್ಥ್ ನೋಡ್ಸು.”

“ಯಾರ ಹತ್ರ ನೋಡ್ಸೋದು?”

“ಗೊತ್ತಿರೋರು ಯಾರಾದ್ರೂ ನೋಡ್ತಾರೆ. ಅದು ನೋಡಿಸ್ದೆ ದೂರ ಹೋಗ್ಬೇಡ, ದಾರೀಲಿ ಕೈ ಕೊಡುತ್ತೆ.”

ಅಷ್ಟರಲ್ಲಿ ಫೋನು ಕಡಿದುಹೋಯಿತು.

ಸಾದಿಕ್ ಹೇಳಿದ್ದು ಅರ್ಥ್. ಕರೆಂಟಿನ ಕೆಲಸದವರು ನೆಲಕ್ಕೆ ಕೊಡುವ ವೈರಿಗೆ ಹಾಗೆನ್ನುತ್ತಾರೆ. ಆ ಮಾತು ಗವಿರಂಗನಿಗೆ ಗೊತ್ತಿಲ್ಲದ್ದೇನಲ್ಲ. ಮನೆಗೆ ಕರೆಂಟು ಹಾಕಿಸುವಾಗ ಗೋಡೆಯ ಪಕ್ಕ ಗುಂಡಿ ತೆಗೆದು, ಇದ್ದಲು ಉಪ್ಪು ತುಂಬಿ, ಅರ್ಥ್ ಕೊಟ್ಟಿದ್ದನ್ನು ಅವನೇ ನಿಂತು ನೋಡಿದ್ದ. ಆದರೆ ಕಾರು ನಿಂತಿರುವುದು ರಬ್ಬರಿನ ಚಕ್ರದ ಮೇಲೆ. ಅದಕ್ಕೆ ಎಲ್ಲಿಯ ಗುಂಡಿ, ಎಲ್ಲಿಯ ಉಪ್ಪು? ಹಾಗಾಗಿ ಅವನ ಕಿವಿಗೆ ಆ ಮಾತು ಬೀಳಲೇ ಇಲ್ಲ. ಬಿದ್ದದ್ದು ಅರ್ಥ. ಅರ್ಥ ನೋಡಿಸು, ನೋಡಿಸದೆ ದೂರ ಹೋಗಬೇಡ, ದಾರಿಯಲ್ಲಿ ಕೈ ಕೊಡುತ್ತದೆ ಎಂದು ಅವನು ಕೇಳಿಸಿಕೊಂಡ.

ಇಲ್ಲಿಗೆ ಬಂದಾಗ ತಿಪ್ಪೇಶ ನಕ್ಕುಬಿಟ್ಟ. ಗುರುಗಳು ನಗಲಿಲ್ಲ. ಸುಲಿದ ಸಿಪ್ಪೆಯನ್ನು ಬದಿಗೆ ತಳ್ಳಿ ಮುಂದುವರಿಸಿದರು.

ಗವಿರಂಗ ಜೋಯಿಸರ ಮನೆಗೆ ಹೋದ. ಜೋಯಿಸರು ಒಳ್ಳೆಯವರು. ಕಾರಿನ ವಿಷಯ ತಮಗೆ ತಿಳಿಯದು ಎಂದು ಮೊದಲೇ ಹೇಳಿದರು. ಆದರೆ ಕೇಳಿಕೊಂಡು ಬಂದವನನ್ನು ಬರಿಗೈಯಲ್ಲಿ ಕಳಿಸಿ ಅವರಿಗೆ ಅಭ್ಯಾಸವಿರಲಿಲ್ಲ. ಹೊರಗೆ ಬಂದು, ಕಾರಿನ ಮುಂದಿನ ಸೀಟಿನಲ್ಲಿ ಕುಳಿತು, ಕನ್ನಡಕ ಏರಿಸಿಕೊಂಡು ಒಂದೊಂದೇ ದೀಪವನ್ನು ನೋಡಿದರು.

ಗಿಂಡಿಯ ಮೂತಿಯಿಂದ ಒಂದು ತೊಟ್ಟು ಬೀಳುವ ಚಿತ್ರ ಮಿಣುಕಿತು. ದೇವರಿಗೆ ಎಣ್ಣೆಯ ಹರಕೆ ಹೊತ್ತು ಮರೆತಿದ್ದೀಯಾ ಎಂದು ಜೋಯಿಸರು ಕೇಳಿದರು. ಗವಿರಂಗ ನೆನಪು ಮಾಡಿಕೊಂಡ. ಯಾವ ಹರಕೆಯೂ ನೆನಪಾಗಲಿಲ್ಲ. ನೆನಪಾಗದಿರುವುದೇ ಮರೆತದ್ದಕ್ಕೆ ಸಾಕ್ಷಿ ಎಂದು ಅವನಿಗೇ ಅನ್ನಿಸಿತು. ಪೆಟ್ಟಿಗೆಯ ಮೇಲೆ ಕೂಡುವ ಗುರುತೂ ಕಳೆಯುವ ಗುರುತೂ ಇರುವ ಚಿತ್ರ ಮಿಣುಕಿತು. ಅದು ಬ್ಯಾಟರಿ. ಒಂದು ಬರುತ್ತದೆ, ಒಂದು ಹೋಗುತ್ತದೆ ಎಂದರು ಜೋಯಿಸರು. ಎದೆಗೆ ಅಡ್ಡ ಪಟ್ಟಿ ಬಿಗಿದುಕೊಂಡು ಕುಳಿತ ಮನುಷ್ಯನ ಚಿತ್ರ ಅವರು ಕಾರಿನಿಂದ ಇಳಿದ ಮೇಲೂ ಮಿಣುಕುತ್ತಲೇ ಇತ್ತು. ಖಾಲಿ ಸೀಟಿನಲ್ಲಿ ಯಾರೋ ಕುಳಿತ ಹಾಗಿದೆಯಲ್ಲಪ್ಪ ಎಂದರು. ಯೋಚಿಸಿ ಹೇಳಿದ ಮಾತಲ್ಲ. ಕಂಡದ್ದನ್ನು ಹೇಳಿದರು ಅಷ್ಟೆ.

ಆ ಚಿತ್ರಗಳು ಏನೆಂದು ಗವಿರಂಗನಿಗೆ ಗೊತ್ತಿತ್ತು. ದಿನವೂ ನೋಡುತ್ತಿದ್ದವುಗಳೇ. ಆದರೆ ಅರ್ಥ ಹುಡುಕಲು ಹೊರಟ ಮೇಲೆ ಗೊತ್ತಿದ್ದದ್ದರ ಮೇಲೂ ಅನುಮಾನ ಬಂತು. ಒಂದು ಬರುತ್ತದೆ, ಒಂದು ಹೋಗುತ್ತದೆ. ಮನೆಗೆ ಬರುವುದು ಮಗಳು. ಹಾಗಾದರೆ ಹೋಗುವುದು ಯಾರು? ಖಾಲಿ ಸೀಟಿನಲ್ಲಿ ಕುಳಿತಿರುವುದು ಯಾರು? ಆ ಸೀಟಿನಲ್ಲಿ ಮಗುವನ್ನು ಎತ್ತಿಕೊಂಡ ಹೆಂಡತಿಯನ್ನು ಹೇಗೆ ಕೂರಿಸುವುದು?

ಅವನು ಶನಿದೇವರಿಗೆ ಎಣ್ಣೆ ಕೊಟ್ಟ. ದೀಪ ಮಿಣುಕಿತು. ಕಾರಿಗೆ ದೃಷ್ಟಿ ತೆಗೆದ. ಅದೂ ಪ್ರಯೋಜನವಾಗಲಿಲ್ಲ. ಗೋಮೂತ್ರ ಚಿಮುಕಿಸಿದ ದಿನ ದೀಪಗಳು ಸಂಜೆಯವರೆಗೂ ತಣ್ಣಗಿದ್ದವು. ಗೆದ್ದೆ ಎಂದುಕೊಂಡು ಬೆಳಿಗ್ಗೆ ಕೀಲಿ ತಿರುಗಿಸಿದರೆ ಎಲ್ಲವೂ ಸೇರಿ ಕುಣಿದವು. ಒಮ್ಮೆ ಸರಿಯಾಗಿ ಒಮ್ಮೆ ಕೆಡುವುದಕ್ಕಿಂತ ಪೂರ್ತಿ ಕೆಟ್ಟುಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಅವನು ಬೇಸತ್ತ. ಎಲ್ಲಿ ಕೈ ಇಡಬೇಕೆಂದೇ ಅವನಿಗೆ ತೋಚಲಿಲ್ಲ.

ಇತ್ತ ಐದನೆಯ ತಿಂಗಳು ಸವೆಯುತ್ತಿತ್ತು. ಬಸ್ಸಿನಲ್ಲಿ ಹೋಗಿ ಕರೆತರಬಹುದಿತ್ತು. ಆದರೆ ನಮ್ಮ ಕಾರಿನಲ್ಲೇ ಎಂದು ಎಲ್ಲರ ಮುಂದೆ ಹೇಳಿದವನು ಬಸ್ಸಿನಿಂದ ಇಳಿದರೆ ಮಾವನ ಮನೆಯವರು ಕಾರಣ ಕೇಳದೆ ಬಿಡುತ್ತಾರೆಯೇ? ಕಾರಣ ಹೇಳುವಂತಿರಲಿಲ್ಲ. ಬಾಣಂತಿಯ ಕಿವಿಗೆ ಅಪಶಕುನದ ಮಾತು ಬೀಳಬಾರದು, ಬಿದ್ದರೆ ಎದೆಹಾಲು ಬತ್ತುತ್ತದೆ ಎಂದು ಹಿರಿಯರು ಹೇಳುವುದನ್ನು ಅವನು ಕೇಳಿದ್ದ. ಆದ್ದರಿಂದ ಪುಷ್ಪಲತಾ ಫೋನು ಮಾಡಿದಾಗಲೆಲ್ಲ ಸೀಸನ್ನು, ಬಾಡಿಗೆ ಜಾಸ್ತಿ, ಮುಂದಿನ ವಾರ ಬರುತ್ತೇನೆ ಎಂದ. ಮುಂದಿನ ವಾರವೂ ಅದನ್ನೇ ಅಂದ. ಅವಳನ್ನು ಕಾಪಾಡುತ್ತಿದ್ದೇನೆ ಎಂದು ಅವನ ಭಾವನೆ.

ಅವಳು ತವರಿನ ಜಗಲಿಯಲ್ಲಿ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಯೋಚಿಸುತ್ತಿದ್ದಳು. ಮಗು ನೋಡಲು ಬಂದ ದಿನ ಅವನು ಒಂದು ಮಾತೂ ಆಡಲಿಲ್ಲ. ಎತ್ತಿಕೊಳ್ಳಲೂ ಇಲ್ಲ. ಹೆಣ್ಣು ಎಂದು ತಿಳಿದ ಮೇಲೆ ಹೆಚ್ಚು ಹೊತ್ತು ನಿಲ್ಲಲೂ ಇಲ್ಲ. ಈಗ ಕರೆದುಕೊಂಡು ಹೋಗಲು ಅವನಿಗೆ ಪುರುಸೊತ್ತಿಲ್ಲ. ಊರಿನವರ ಮಕ್ಕಳನ್ನೆಲ್ಲ ಅವರವರ ಮನೆಗೆ ಮುಟ್ಟಿಸುವವನಿಗೆ ತನ್ನ ಮಗಳನ್ನು ತರಲು ಸಮಯವಿಲ್ಲ. ಅವಳು ಒಂದರ ಪಕ್ಕ ಒಂದನ್ನು ಇಟ್ಟು ನೋಡಿದಳು. ಎಲ್ಲವೂ ಒಂದಕ್ಕೊಂದು ಸರಿಯಾಗಿ ಕೂಡಿಕೊಂಡವು. ಆಮೇಲೆ ಅವನು ಮತ್ತೆ ಮುಂದಿನ ವಾರ ಎಂದ ದಿನ ಅವಳು ಹೆಚ್ಚು ಮಾತಾಡಲಿಲ್ಲ.

“ಅರ್ಥ ಆಯ್ತು ಬಿಡಿ,” ಎಂದಳು.

ಗವಿರಂಗ ಫೋನು ಕೆಳಗಿಟ್ಟು ಉಸಿರು ಬಿಟ್ಟ. ಅಂತೂ ಒಬ್ಬಳಾದರೂ ತನ್ನ ಕಷ್ಟ ಅರ್ಥಮಾಡಿಕೊಂಡಳಲ್ಲ ಎಂದು ಅವನಿಗೆ ಹಗುರವಾಯಿತು.

ತಿಪ್ಪೇಶ ಈ ಸಲ ನಗಲಿಲ್ಲ. ಅಯ್ಯೋ ಎಂದ. ಸುಲಿಯುತ್ತಿದ್ದ ಕಾಯಿ ಕೈಯಲ್ಲೇ ಉಳಿಯಿತು.

ತಿಂಗಳು ಮುಗಿಯಲು ಬಂದಾಗ ಸಾದಿಕ್ ಊರಿಗೆ ಮರಳಿದ. ಮದುವೆಯ ಸಿಹಿ ಕೊಡಲೆಂದು ಬಂದವನು ಕಾರು ಮನೆಯ ಮುಂದೆ ಧೂಳು ಹಿಡಿದು ನಿಂತಿರುವುದನ್ನು ಕಂಡು ಅರ್ಥ್ ನೋಡಿಸಿದೆಯಾ ಎಂದು ಕೇಳಿದ. ನೋಡಿಸಿದೆ, ಜೋಯಿಸರು ನೋಡಿದರು ಎಂದ ಗವಿರಂಗ. ಜೋಯಿಸರು ಯಾವಾಗ ವೈರಿಂಗ್ ಕಲಿತರು ಎಂದು ಸಾದಿಕ್‌ಗೆ ಅಚ್ಚರಿ. ವೈರಿಗೂ ಜೋಯಿಸರಿಗೂ ಏನು ಸಂಬಂಧ ಎಂದು ಗವಿರಂಗನಿಗೆ ಅಚ್ಚರಿ. ಅವರು ಏನಂದರು ಎಂದು ಸಾದಿಕ್ ಕೇಳಿದ. ಒಂದು ಬರುತ್ತದೆ, ಒಂದು ಹೋಗುತ್ತದೆ ಅಂದರು ಎಂದು ಗವಿರಂಗ ಹೇಳಿದ. ಅದು ಸರಿಯೇ, ಕರೆಂಟು ಹಾಗೇ ಅಲ್ಲವೇ ಎಂದ ಸಾದಿಕ್. ಯಾರು ಯಾವ ಮಾತು ಆಡುತ್ತಿದ್ದಾರೆ ಎಂದು ಬಿಡಿಸಿಕೊಳ್ಳಲು ಕೊಟ್ಟ ಸಿಹಿಯೆಲ್ಲ ತಿಂದು ಮುಗಿಯಬೇಕಾಯಿತು.

ತಿಳಿದ ಮೇಲೂ ಗವಿರಂಗ ಒಪ್ಪಲಿಲ್ಲ. ರಬ್ಬರಿನ ಮೇಲೆ ನಿಂತ ಗಾಡಿಗೆ ನೆಲ ಎಲ್ಲಿಂದ ಬರುತ್ತದೆ ಎಂದು ಹಟ ಹಿಡಿದ. ಸಾದಿಕ್ ಬಾನೆಟ್ ಎತ್ತಿದ. ಬ್ಯಾಟರಿಯಿಂದ ಹೊರಟ ದಪ್ಪ ವೈರೊಂದು ಕಾರಿನ ತಗಡಿಗೆ ಸೇರುವ ಕಡೆ ಬೋಲ್ಟು ಬಿಗಿಯಾಗಿಯೇ ಇತ್ತು. ಅದಕ್ಕೇ ಯಾವ ಗ್ಯಾರೇಜಿನವರೂ ಅದನ್ನು ಬಿಚ್ಚಿ ನೋಡಿರಲಿಲ್ಲ. ಸಾದಿಕ್ ಬಿಚ್ಚಿದ. ಅಡಿಯಲ್ಲಿ ಕಪ್ಪು ಬಣ್ಣ ದಪ್ಪಗೆ ಹೊಳೆಯುತ್ತಿತ್ತು.

“ಇದರ ಮೈಯೇ ಇದಕ್ಕೆ ನೆಲ ಅಣ್ಣ. ಕರೆಂಟು ವೈರಲ್ಲಿ ಹೋಗುತ್ತೆ, ಮೈಮೇಲೆ ವಾಪಸ್ ಬರುತ್ತೆ. ನೀನು ಬರೋ ದಾರಿಗೇ ಬಣ್ಣ ಬಳಿದಿದೀಯ,” ಎಂದ.

ಫೋನಿನಲ್ಲಿ ತಾನೂ ಬಿಡಿಸಿ ಹೇಳಬೇಕಿತ್ತು ಎಂದು ಸಾದಿಕ್ ಪೇಚಾಡಿಕೊಂಡ. ಗವಿರಂಗ ಚಾಕು ತಂದ. ತಾನೇ ಬಳಿದ ಬಣ್ಣವನ್ನು ತಾನೇ ಕೆರೆದ. ಉಪ್ಪುಕಾಗದ ಹಾಕಿ ತಿಕ್ಕಿ ತಗಡು ಬೆಳ್ಳಗೆ ಕಂಡ ಮೇಲೆ ಬೋಲ್ಟು ಬಿಗಿದ. ಕೀಲಿ ತಿರುಗಿಸಿದ. ದೀಪಗಳೆಲ್ಲ ಒಮ್ಮೆ ಹೊತ್ತಿ, ಆರಬೇಕಾದವು ಆರಿದವು, ಉಳಿಯಬೇಕಾದವು ಅಲುಗದೆ ಉಳಿದವು. ಇಂಡಿಕೇಟರ್ ಹಾಕಿದ. ಹಾರನ್ ಒತ್ತಿದ. ಯಾವುದೂ ಮಿಣುಕಲಿಲ್ಲ. ಖಾಲಿ ಸೀಟಿನಲ್ಲಿ ಯಾರೂ ಇರಲಿಲ್ಲ.

ಗವಿರಂಗ ಅಳುವಷ್ಟು ಸಂತೋಷಪಟ್ಟ. ಅಂದು ಐದನೆಯ ತಿಂಗಳ ಕೊನೆಯ ದಿನ. ಉಟ್ಟ ಬಟ್ಟೆಯಲ್ಲೇ ಕಾರು ಹತ್ತಿ ಮಾವನ ಮನೆಗೆ ಹೊರಟ. ದಾರಿಯುದ್ದಕ್ಕೂ ರಸ್ತೆಗಿಂತ ಹೆಚ್ಚಾಗಿ ಡ್ಯಾಶ್‌ಬೋರ್ಡನ್ನೇ ನೋಡಿದ. ಹೆಂಡತಿಗೆ ಏನು ಹೇಳಬೇಕೆಂದು ಯೋಚಿಸಲಿಲ್ಲ. ಹೇಳುವುದಕ್ಕೆ ಏನಿದೆ, ಅವಳು ಆಗಲೇ ಅರ್ಥಮಾಡಿಕೊಂಡಿದ್ದಾಳಲ್ಲ ಎಂದೇ ಅವನು ತಿಳಿದಿದ್ದ.

ಪುಷ್ಪಲತಾ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದಳು. ಕಾರು ನೋಡಿದಳು, ಅವನನ್ನು ನೋಡಿದಳು. ಒಳಗೆ ಕರೆಯಲಿಲ್ಲ. ಇಷ್ಟು ದಿನ ಬಾರದೆ ಇವತ್ತು ಯಾಕೆ ಬಂದಿರಿ ಎಂದು ಕೇಳಿದಳು. ಗವಿರಂಗನಿಗೆ ಬಾಯಿಗೆ ಬಂದದ್ದು ಸಾದಿಕ್‌ನ ಮಾತು.

“ಏನೂ ಇಲ್ಲ ಕಣೆ. ಅರ್ಥ್ ಇರ್ಲಿಲ್ಲ, ಅಷ್ಟೇ,” ಎಂದ ನಗುತ್ತಾ.

ಅವಳು ನಗಲಿಲ್ಲ.

“ಹೌದು,” ಎಂದಳು. “ಇಷ್ಟು ದಿನ ಕಾದಿದ್ದಕ್ಕೆ ಅರ್ಥ ಇರ್ಲಿಲ್ಲ ಅಂತ ನನಗೂ ಅನ್ನಿಸ್ತು.”

ಹಾಗೆಂದು ಒಳಗೆ ಹೋದಳು. ಗವಿರಂಗ ಅಂಗಳದಲ್ಲಿ ಕಾರಿನ ಬಾಗಿಲು ತೆರೆದುಕೊಂಡು ನಿಂತೇ ಇದ್ದ. ತಾನು ಏನು ತಪ್ಪು ಆಡಿದೆ ಎಂದು ಅವನಿಗೆ ತಿಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮೊರವನ್ನು ಮೆಲ್ಲಗೆ ಕೇರಿ, ಹುಳುಕು ಕಾಳುಗಳನ್ನು ಆರಿಸತೊಡಗಿದರು.

ತಿಪ್ಪೇಶನಿಗೆ ಕೂರಲಾಗಲಿಲ್ಲ. ಆಮೇಲೆ ಏನಾಯಿತು, ಅವಳು ಹೊರಗೆ ಬಂದಳೇ, ಅವನು ಒಳಗೆ ಹೋಗಿ ಬಿಡಿಸಿ ಹೇಳಿದನೇ, ತಿಂಗಳು ದಾಟಿತೇ ಎಂದು ಒಂದೇ ಸಮನೆ ಕೇಳಿದ. ಅವನು ಇನ್ನೂ ಅಂಗಳದಲ್ಲೇ ನಿಂತಿದ್ದಾನೆ ಎಂದರು ಗುರುಗಳು. ತಿಪ್ಪೇಶನಿಗೆ ಗವಿರಂಗನ ಮೇಲೆ ಸಿಟ್ಟು ಬಂತು. ಸಂಕಟವೂ ಆಯಿತು.

“ಎಂಥ ಮಂಕು ಮನುಷ್ಯ, ಗುರುಗಳೇ. ದೀಪ ಏನು ಹೇಳುತ್ತದೆ, ಜೋಯಿಸರು ಏನು ಹೇಳುತ್ತಾರೆ ಎಂದು ಊರೆಲ್ಲ ಸುತ್ತಿದ. ಅಲ್ಲಿ ಒಬ್ಬಳು ಕಾಯುತ್ತಾ ಕುಳಿತಿದ್ದಾಳೆ, ತಾನು ಹೋಗದೆ ಇದ್ದರೆ ಅವಳು ಅದಕ್ಕೇ ಒಂದು ಅರ್ಥ ಕಟ್ಟಿಕೊಳ್ಳುತ್ತಾಳೆ ಎಂದು ಅವನಿಗೆ ಹೊಳೆಯಲಿಲ್ಲವಲ್ಲ,” ಎಂದ.

ಗುರುಗಳು ಆಗ ಮೊದಲ ಬಾರಿಗೆ ತಲೆಯೆತ್ತಿ ಅವನನ್ನು ನೋಡಿದರು.

“ನೀನು ಬಾರದೆ ಇರುವುದಕ್ಕೆ ನಿನ್ನ ಅಕ್ಕ ಏನು ಅರ್ಥ ಕಟ್ಟಿಕೊಂಡಿದ್ದಾಳೆ?” ಎಂದರು.